ಸೂರತ್ತಿನ ಮಾಳಿಗೆ, ಹೊನ್ನಾಳಿಯ ಕ್ಲಾರಿಯೋನೆಟ್

ಸೂರತ್ತಿನಲ್ಲಿ ನಾನು ಮೊದಲ ಸಲ ಕ್ಲಾರಿಯೋನೆಟ್ ಊದಿದ ಬೆಳಿಗ್ಗೆ, ನಾಲ್ಕಂತಸ್ತಿನ ಆ ಕಟ್ಟಡದ ಜನರೆಲ್ಲ ಬಾಲ್ಕನಿಗೆ ಬಂದು ಬೀದಿಯಲ್ಲಿ ಮದುಮಗನ ಕುದುರೆಯನ್ನು ಹುಡುಕಿದರು. ಕುದುರೆಯೂ ಇಲ್ಲ, ದಿಬ್ಬಣವೂ ಇಲ್ಲ. ಮೂರನೇ ಮಹಡಿಯ ಹತ್ತಡಿ ಕೋಣೆಯಲ್ಲಿ ಬನಿಯನ್ ತೊಟ್ಟ ನಾನೊಬ್ಬನೇ. ಮನೆಯೊಡತಿ ಸವಿತಾಬೆನ್ ಬಾಗಿಲು ಬಡಿದು, ಕೈಯಾಡಿಸುತ್ತ 'ಅಗಾಸಿ, ಅಗಾಸಿ' ಎಂದರು. ನಮ್ಮ ಕಡೆ ಅಗಸೆ ಎಂದರೆ ಊರಬಾಗಿಲು. ಊರು ಬಿಟ್ಟು ಹೋಗು ಎನ್ನುತ್ತಿದ್ದಾರೆಂದುಕೊಂಡು ಚೀಲಕ್ಕೆ ಬಟ್ಟೆ ತುಂಬತೊಡಗಿದೆ. ಅವರು ನಕ್ಕು ಮೆಟ್ಟಿಲು ತೋರಿಸಿದರು. ಗುಜರಾತಿಯಲ್ಲಿ ಅಗಾಸಿ ಎಂದರೆ ಮಾಳಿಗೆ. ಮೇಲೆ ಹೋಗಿ ಊದಿಕೋ ಎಂದಿದ್ದರು, ಅಷ್ಟೆ.

ಹೊನ್ನಾಳಿಯಲ್ಲಿ ನನ್ನ ಸೋದರಮಾವ ನಾಗಪ್ಪನವರದು ಬ್ಯಾಂಡ್ ಸೆಟ್. ಅವರ ಕೈಯಲ್ಲೇ ಕಲಿತು ಚನ್ನಗಿರಿ, ನ್ಯಾಮತಿ, ಜಗಳೂರು ಎಂದು ಕರೆದಲ್ಲೆಲ್ಲ ಮದುವೆಗೆ ಊದಿದವನು ನಾನು. ಜನ ಡಿಜೆ ಕೇಳತೊಡಗಿದ ಮೇಲೆ ಸೆಟ್ಟಿನವರು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು. ನಾನು ಸೂರತ್ತಿನ ಸೀರೆ ಕಾರ್ಖಾನೆಯ ಪ್ಯಾಕಿಂಗ್ ಕೆಲಸಕ್ಕೆ ಬಂದೆ. ಇಲ್ಲಿ ಬೇಳೆಗೂ ಬೆಲ್ಲ ಹಾಕುತ್ತಾರೆ. ಮೊದಲ ತಿಂಗಳು ಊಟಕ್ಕೆ ಕೂತಾಗಲೆಲ್ಲ ನಮ್ಮ ಖಾರದ ಚಟ್ನಿಪುಡಿ ನೆನೆದು ಕಣ್ಣು ತುಂಬುತ್ತಿತ್ತು. ಯಾವುದಕ್ಕೂ ಇಲ್ಲಿಯವರು 'ಚಾಲ್ಶೆ' ಎನ್ನುತ್ತಾರೆ, ನಡೆಯುತ್ತದೆ ಎಂದು. ನಾನು ಮೊದಲು ಕಲಿತ ಗುಜರಾತಿ ಮಾತು ಅದೇ.

ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು, ಮೊಬೈಲನ್ನು ಇಟ್ಟಿಗೆಗೆ ಒರಗಿಸಿ, ನುಡಿಸಿದ್ದನ್ನು ಅಂತರ್ಜಾಲಕ್ಕೆ ಹಾಕತೊಡಗಿದೆ. ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡುಗಳನ್ನೇ ಆರಿಸಿಕೊಂಡೆ. ಕೇಳುಗರು ಸ್ವಲ್ಪ ಸೇರುವಷ್ಟರಲ್ಲಿ ನೋಟಿಸು ಬಂತು: ಈ ಹಾಡು ನಿಮ್ಮದಲ್ಲ, ಇದರಿಂದ ಬರುವುದೂ ನಿಮ್ಮದಲ್ಲ. ಎರಡು ವಿಡಿಯೋ ಕಿತ್ತೇ ಹಾಕಿದರು. ನಮ್ಮ ಕಡೆ ಮದುವೆಯಲ್ಲಿ ಯಾವ ಹಾಡು ನುಡಿಸಿದರೂ ಅದು ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಅಂತರ್ಜಾಲದಲ್ಲಿ ಕೇಳುವವರಿದ್ದರು. ಒಂದು ವಾರ ಕ್ಲಾರಿಯೋನೆಟ್ಟಿನ ಪೆಟ್ಟಿಗೆ ತೆರೆಯಲಿಲ್ಲ.

ಆಮೇಲೆ ಮಾವನಿಗೆ ಫೋನು ಮಾಡಿದೆ. ಹೆಣ್ಣನ್ನು ಬೀಳ್ಕೊಡುವಾಗ ನುಡಿಸಲೆಂದು ಅವರೇ ಕಟ್ಟಿದ ಒಂದು ಮಟ್ಟು ಇತ್ತು. ಅದನ್ನು ಹಾಕಲೇ ಎಂದು ಕೇಳಿದೆ.

"ಹಾಕಪ್ಪ. ನನ್ನ ಹೆಸರು ಹಾಕು, ಸಾಕು," ಎಂದರು. "ಆದ್ರೆ ಒಂದಿನ ಊದಿ ನಾಕು ದಿನ ಮಲಗಬ್ಯಾಡ. ದಿಬ್ಬಣ ನಡೀತಾ ಇದ್ರೇನೇ ಜನ ಹೊರಗೆ ಬಂದು ನೋಡೋದು."

ಆ ಮಾತನ್ನು ಹಾಗೇ ಹಿಡಿದುಕೊಂಡೆ. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಕಡೆಯ ಬ್ಯಾಂಡಿನವರೇ ಕಟ್ಟಿದ ಒಂದು ಮಟ್ಟು. ಜ್ವರ ಬಂದರೂ ತಪ್ಪಿಸಲಿಲ್ಲ. ಗಾಳಿಯ ಸದ್ದು ತಡೆಯಲು ಮೊಬೈಲಿನ ಮೈಕಿಗೆ ಹಳೆಯ ಕಾಲುಚೀಲ ಸುತ್ತಿದೆ. ಇದು ಯಾರ ಮಟ್ಟು, ಮದುವೆಯಲ್ಲಿ ಯಾವಾಗ ನುಡಿಸುವುದು ಎಂದು ಕೆಳಗೆ ಎರಡು ಸಾಲು ಬರೆದೆ. ತಿಂಗಳುಗಟ್ಟಲೆ ಕೇಳಿದವರು ಬೆರಳೆಣಿಕೆಯಷ್ಟು. ನಂತರ ಒಂದು ದಿನ ಜಗಳೂರಿನವರೊಬ್ಬರು ಮಾವನ ಮಟ್ಟು ಕೇಳಿ, ನಮ್ಮಕ್ಕನನ್ನು ಕಳಿಸುವಾಗ ಇದನ್ನೇ ನುಡಿಸಿದ್ದರು ಎಂದು ಬರೆದರು. ಅದನ್ನು ಅವರು ತಮ್ಮ ನೆಂಟರಿಗೆಲ್ಲ ಕಳಿಸಿದ್ದರು. ಅಲ್ಲಿಂದ ದಾರಿ ತೆರೆಯಿತು. ಕಿರುಚಿತ್ರ ಮಾಡುವವರು ಬರೀ ತಾಳವನ್ನು ಮುದ್ರಿಸಿ ಕಳಿಸುತ್ತಾರೆ. ನಾನು ಮಾಳಿಗೆಯ ಮೇಲೆ ಅದಕ್ಕೆ ನುಡಿಸಿ ವಾಪಸು ಕಳಿಸುತ್ತೇನೆ, ಅವರು ದುಡ್ಡು ಕೊಡುತ್ತಾರೆ. ಕಾರ್ಖಾನೆಯ ಕೆಲಸ ಇನ್ನೂ ಬಿಟ್ಟಿಲ್ಲ, ಆದರೆ ಓವರ್‌ಟೈಮ್ ಬಿಟ್ಟಿದ್ದೇನೆ. ಊದುವುದನ್ನು ನಿಲ್ಲಿಸಿದ ನಮ್ಮ ಸೆಟ್ಟಿನ ಗೆಳೆಯರು ಇದನ್ನು ಓದಬೇಕೆಂದೇ ಬರೆಯುತ್ತಿದ್ದೇನೆ.

ವಿಡಿಯೋ ನೋಡಿ, ನನಗೂ ಕಲಿಸಿ ಎಂದು ಮೊದಲು ಕೇಳಿಕೊಂಡವರು ಶಾರದಮ್ಮ, ನ್ಯಾಮತಿಯಲ್ಲಿ ಬಟ್ಟೆ ಹೊಲಿಯುವವರು. ತೀರಿಹೋದ ಅಪ್ಪನ ಕ್ಲಾರಿಯೋನೆಟ್ಟನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದರು. ಗುರುವಾರ ಮಧ್ಯಾಹ್ನ ಅವರ ಮೆಷಿನ್ ನಿಲ್ಲುತ್ತದೆ. ನನ್ನ ವಾರದ ರಜೆಯೂ ಅಂದೇ. ವಿಡಿಯೋ ಕರೆಯಲ್ಲಿ ಪಾಠ ಶುರುವಾಯಿತು. ಪಂಚಮಕ್ಕೆ ಬಂದಾಗಲೆಲ್ಲ ಅವರ ಸ್ವರ ಒಡೆಯುತ್ತಿತ್ತು. ಬೆರಳು ಸರಿಯಾಗಿ ಕೂರುತ್ತಿಲ್ಲ ಎಂದು ನನಗೆ ಗೊತ್ತು. ಆದರೆ ಸಾವಿರ ಕಿಲೋಮೀಟರ್ ದೂರದಿಂದ ಹಿಡಿದು ಕೂರಿಸುವುದು ಹೇಗೆ?

ಕಳೆದ ತಿಂಗಳು ಮಾವನ ಕಣ್ಣಿನ ಆಪರೇಷನ್ ಇತ್ತೆಂದು ಹೊನ್ನಾಳಿಗೆ ಹೋಗಿದ್ದೆ. ಗುರುವಾರ ಮಾವನ ಹಿತ್ತಿಲಲ್ಲಿ ಕೂತು ಶಾರದಮ್ಮನಿಗೆ ಕರೆ ಮಾಡಿ, ಇಲ್ಲೇ ಇದ್ದೇನೆ, ನಾಳೆ ಬಸ್ಸು ಹತ್ತಿ ಬಂದು ಬೆರಳು ತೋರಿಸಿಕೊಡುತ್ತೇನೆ ಎಂದೆ. ಅವರು ಹಿಗ್ಗುತ್ತಾರೆಂದುಕೊಂಡಿದ್ದೆ. ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಬ್ಯಾಡ್ರಿ ಸಾರ್," ಎಂದರು. "ಸೂರತ್ತಿನ ಮೇಷ್ಟ್ರು ಅಂತ ನಮ್ಮತ್ತೆಗೆ ಹೇಳೀನಿ. ದೂರದೋರು ಅಂತ ಸುಮ್ನೆ ಅವ್ರೆ. ಹೊನ್ನಾಳಿ ಬ್ಯಾಂಡಿನೋರು ಮನೆಗೆ ಬಂದು ಹೆಣ್ಮಗಳಿಗೆ ಊದಾಕೆ ಕಲಿಸ್ತಾರೆ ಅಂದ್ರೆ ಪೆಟ್ಟಿಗೆ ಮುಚ್ಚಿಸ್ತಾರೆ. ನೀವು ಸೂರತ್ತಿನಾಗೇ ಇರ್ರಿ."

ನ್ಯಾಮತಿಗೆ ಹೋಗುವ ಬಸ್ಸು ಆಗಷ್ಟೇ ಬೀದಿಯಲ್ಲಿ ಹಾದುಹೋಯಿತು. ಎಷ್ಟೋ ಮದುವೆಗಳಿಗೆ ಅದೇ ಬಸ್ಸಿನಲ್ಲಿ ಹೋಗಿದ್ದೇನೆ. ಆದರೆ ಶಾರದಮ್ಮನ ಮನೆಯೊಳಗೆ ನನ್ನನ್ನು ಬಿಟ್ಟುಕೊಂಡಿದ್ದು ಸೂರತ್ತಿನ ಹೆಸರು.

ಆಗಲಿ ಅಮ್ಮ ಎಂದೆ. ಹಿತ್ತಿಲಿನ ತೆಂಗಿನ ಮರ ಕಾಣದ ಹಾಗೆ ಮೊಬೈಲು ತಿರುಗಿಸಿಕೊಂಡು, ನನ್ನ ಬೆರಳನ್ನು ಕ್ಯಾಮೆರಾಕ್ಕೆ ಇನ್ನಷ್ಟು ಹತ್ತಿರ ಹಿಡಿದು, ಮೊದಲಿನಿಂದ ತೋರಿಸಿದೆ. ನಾಲ್ಕನೇ ಸಲಕ್ಕೆ ಶಾರದಮ್ಮನ ಪಂಚಮ ಒಡೆಯದೆ ನಿಂತಿತು.