ಅನ್ಯಗ್ರಹದ ರಾಣಿಯ ಡೈಲಾಗ್

ಸ್ನೇಹಿತರೇ, ಇವತ್ತು ಇಂಗ್ಲೆಂಡಿನ ಸಾಲ್ಫರ್ಡ್ ಊರಿನ ಒಂದು ಪುಟ್ಟ ಸ್ಟುಡಿಯೋದಲ್ಲಿ ಸೈನ್ಸ್ ಫಿಕ್ಷನ್ ಸಿನಿಮಾಕ್ಕೆ ಡಬ್ಬಿಂಗ್ ಮಾಡಿ ಬಂದೆ. ಭೂಮಿಯವರನ್ನ ಹೆದರಿಸೋಕೆ ಬರೋ ಅನ್ಯಗ್ರಹದ ರಾಣಿಗೆ ನನ್ನ ದನಿ.

"ಡೈಲಾಗ್ ಎಲ್ಲಿ?" ಅಂತ ಕೇಳಿದೆ.

"ನಿಮ್ಮ ಭಾಷೇಲಿ ಏನಾದ್ರೂ ಹೇಳಿ. ಮನುಷ್ಯರಿಗೆ ಅರ್ಥ ಆಗಬಾರದು, ಅಷ್ಟೇ," ಅಂದ ಡೈರೆಕ್ಟರ್.

"ಕನ್ನಡ ಅರ್ಥ ಆಗೋರು ಕೋಟಿಗಟ್ಟಲೆ ಇದ್ದೀವಿ. ನಾವೇನು ಮನುಷ್ಯರಲ್ವಾ?"

"ಅವರ್ಯಾರೂ ಈ ಸಿನಿಮಾ ನೋಡಲ್ಲ ಬಿಡಿ," ಅಂತ ನಕ್ಕ.

ಮೈ ಉರೀತು. ಮೈಕ್ ಮುಂದೆ ನಿಂತು, ದನಿ ದಪ್ಪ ಮಾಡಿ, ಕನ್ನಡದಲ್ಲೇ ಹೇಳಿದೆ: "ನಾನೂ ಮನುಷ್ಯಳೇ ಕಣಪ್ಪ. ಹುಟ್ಟಿದ್ದು ದಾವಣಗೆರೆ. ಈ ಬ್ರಹ್ಮಾಂಡ ನಿಮ್ಮಪ್ಪನ ಆಸ್ತಿ ಅಲ್ಲ."

ಡೈರೆಕ್ಟರ್ ಚಪ್ಪಾಳೆ ತಟ್ಟಿದ. "ಭಯಂಕರವಾಗಿದೆ. ಒಂದೇ ಟೇಕ್‌ಗೆ ಓಕೆ."

ರಿಲೀಸ್ ದಿನ ಎಲ್ಲರೂ ಬಂದುಬಿಡಿ. ಮಿಕ್ಕವರೆಲ್ಲ ಹೆದರಿ ಕೂತಿರುವಾಗ ನಾವು ಜೋರಾಗಿ ನಗಬೇಕು.