ರಾಮಕ್ಕನ ಹಸುಗಳು ನೀರಿಗಿಳಿಯದ ಸಂಜೆ

ಜವಳಗಿರಿಯಲ್ಲಿ ಆವುಲಪ್ಪನನ್ನು ಎಲ್ಲರೂ ಹವಾಲ್ದಾರ್ ಎನ್ನುತ್ತೇವೆ. ಸೈನ್ಯ ಬಿಟ್ಟು ಬಂದು ಹದಿನೈದು ವರ್ಷವಾದರೂ ಆತ ಟೀ ಕುಡಿಯುವುದು ಗಡಿಯಾರ ನೋಡಿಕೊಂಡೇ. ಇಂಥ ಶಿಸ್ತಿನವರನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಸೈನ್ಯದಲ್ಲಿ ಆತನಿಗಿದ್ದದ್ದು ಕಿವಿಯ ಕೆಲಸ. ಗಡಿಯ ಗುಡ್ಡವೊಂದರ ಮೇಲೆ ಕೂತು ಆಚೆಯವರ ವೈರ್‌ಲೆಸ್ ಮಾತು ಕೇಳಿ ಬರೆದುಕೊಳ್ಳಬೇಕು. ದಿನಾ ಹರಟುತ್ತಿದ್ದ ಆಚೆಯ ಸೆಟ್ಟು ಒಮ್ಮೆ ಮೂರು ದಿನ ಬಾಯಿ ಮುಚ್ಚಿಕೊಂಡಿತು. ಅಪಾಯವಿದೆ ಎಂದು ಆವುಲಪ್ಪ ವರದಿ ಬರೆದ. "ಕೇಳಿಸಿದ್ದನ್ನು ಬರಿ, ಕೇಳಿಸದ್ದನ್ನಲ್ಲ" ಎಂದರು ಮೇಲಿನ ಸಾಹೇಬರು. ಹಿಂದಿನ ತಿಂಗಳಷ್ಟೇ ಒಂದು ಎಚ್ಚರಿಕೆ ಹುಸಿಯಾಗಿ ಅವರು ಬೈಸಿಕೊಂಡಿದ್ದರು. ಮೇಜಿನಿಂದ ಮೇಜಿಗೆ ಹೋಗುತ್ತಾ ಅಪಾಯ ಎಂಬುದು ಅನುಮಾನವಾಯಿತು, ಕೊನೆಗೆ 'ವಿಶೇಷವೇನೂ ಇಲ್ಲ' ಎಂದಾಯಿತು. ನಾಲ್ಕನೆಯ ಬೆಳಿಗ್ಗೆ ಕೆಳಗಿನ ಕಾವಲು ಠಾಣೆಯ ಮೇಲೆ ದಾಳಿಯಾಗಿ, ಈತನ ಜೊತೆ ಉಣ್ಣುತ್ತಿದ್ದ ಇಬ್ಬರು ಸತ್ತರು. ವಿಚಾರಣೆಯಲ್ಲಿ ಸಾಹೇಬರು 'ನಮಗೆ ಮಾಹಿತಿಯೇ ಇರಲಿಲ್ಲ' ಎಂದದ್ದನ್ನು ಆವುಲಪ್ಪ ಇವತ್ತಿಗೂ ಹಲ್ಲು ಕಚ್ಚಿಕೊಂಡು ಹೇಳುತ್ತಾನೆ.

ಊರಿಗೆ ಬಂದವನು ಆನೆಗಳ ಸುದ್ದಿಗೆಂದು ಫೋನಿನಲ್ಲಿ ಒಂದು ಗುಂಪು ಮಾಡಿದ. ಕಾಡಂಚಿನವರು ಈತನಿಗೆ ಹೇಳಬೇಕು, ಈತ ಎಲ್ಲರಿಗೂ ತಿಳಿಸಬೇಕು. ಬೆಳಗಿನ ಪಾಳಿಗೆ ಹೊಸೂರಿನ ಫ್ಯಾಕ್ಟರಿಗಳಿಗೆ ಹೋಗುವವರು ಅದನ್ನು ನೋಡಿಯೇ ಗಾಡಿ ತೆಗೆಯುತ್ತಿದ್ದರು. ಎರಡು ಸಲ ಸುದ್ದಿ ಸುಳ್ಳಾಗಿ ಪಾಳಿ ತಪ್ಪಿದವರು ರೇಗಿದರು. 'ಹವಾಲ್ದಾರ್ರ ಆನೆಗೆ ರೆಕ್ಕೆ ಬಂದಿದೆ' ಎಂದು ಬರೆದು ಎಲ್ಲರನ್ನೂ ನಗಿಸಿದವನು ನಾನೇ. ಅಂದೇ ಆತ ಒಂದು ನಿಯಮ ಮಾಡಿದ. ಇಬ್ಬರು ಕಣ್ಣಾರೆ ಕಂಡಿದ್ದರೆ ಮಾತ್ರ ಅದು ಸುದ್ದಿ.

ರಾಗಿ ಕೊಯ್ಲಿನ ಒಂದು ಸಂಜೆ ಕಾಡಂಚಿನ ನೀರಿನ ಕುಂಟೆಯ ಬಳಿ ದನ ಮೇಯಿಸುವ ರಾಮಕ್ಕ ಆತನ ಜಗಲಿಗೆ ಬಂದಳು. ನಾನೂ ಅಲ್ಲೇ ಕೂತಿದ್ದೆ.

"ಹಸುಗಳು ಕುಂಟೆಗೆ ಇಳೀನಿಲ್ಲ ಕಣಣ್ಣ. ದಿನಾ ಓಡೋಗಿ ನೀರಿಗೆ ಬಾಯಿಕ್ತಿದ್ದೋ, ಇವತ್ತು ದಡದ್ಮೇಲೇ ನಿಂತ್ಕಂಡೋ. ಬಿದಿರು ಮೆಳೇಲಿ ಆನೆ ಐತೆ."

"ಕಣ್ಣಾರೆ ನೋಡ್ದಾ?" ಎಂದ ಆವುಲಪ್ಪ.

"ನೋಡ್ನಿಲ್ಲ."

"ಹೆಜ್ಜೆ? ಲದ್ದಿ?"

"ಇಲ್ಲಣ್ಣ. ಹಸ ಇಳೀನಿಲ್ಲ, ಅಷ್ಟೇಯ."

"ಅದ್ನ ಗುಂಪಿಗೆ ಹಾಕಕ್ಕಾಯ್ತದಾ ರಾಮಕ್ಕ? ನೋಡಿದ್ದ ಹೇಳು, ನೋಡ್ದೆ ಇರೋದ್ನ ಬ್ಯಾಡ."

ರಾಮಕ್ಕ ಕೋಲು ಎತ್ತಿಕೊಂಡು ಹೋದಳು. ಆವುಲಪ್ಪ ನನ್ನ ಮುಖ ನೋಡಿದ. ನಾನು ನಗಲು ಸಿದ್ಧನಾಗಿಯೇ ಕೂತಿದ್ದೆ, ಒಪ್ಪಿಕೊಳ್ಳುತ್ತೇನೆ. ಆ ಸಂಜೆ ಗುಂಪಿನಲ್ಲಿ ಬಂದದ್ದು 'ವಿಶೇಷವೇನೂ ಇಲ್ಲ' ಎಂದು.

ಮರುದಿನ ಬೆಳಿಗ್ಗೆ ಐದೂವರೆಗೆ ಕುಂಟೆಯ ಪಕ್ಕದ ರಸ್ತೆ ತಿರುವಿನಲ್ಲಿ, ಪಾಳಿಗೆ ಹೊರಟಿದ್ದ ಭೈರೇಶನ ಬೈಕಿಗೆ ಒಂಟಿ ಆನೆ ಎದುರಾಯಿತು. ಹುಡುಗ ಮೋರಿಗೆ ಉರುಳಿದ್ದರಿಂದ ಜೀವ ಉಳಿಯಿತು, ಸೊಂಟದ ಮೂಳೆ ಮುರಿಯಿತು.

ಆವತ್ತೇ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಆತ ಆಡಿದ್ದು ಒಂದೇ ಮಾತು. "ಆ ಸಾಹೇಬ್ರು ನಂಗೆ ಹೇಳಿದ್ದನ್ನೇ ನಾನು ರಾಮಕ್ಕಂಗೆ ಹೇಳ್ಬುಟ್ಟೆ ಕಣ್ಲಾ."

ಭೈರೇಶನ ತಾಯಿ ನಾಗಲಕ್ಷ್ಮಿ ವಾರ್ಡಿನ ಬಾಗಿಲಲ್ಲೇ ಕೂತಿದ್ದಳು. "ನನ್ ಮಗ ಗುಂಪು ನೋಡ್ಕಂಡೇ ಹೊಂಟ ಕಣಣ್ಣ. ಆನೆ ಇರೋದು ಯಾರ್ಗೂ ಗೊತ್ತಿರ್ನಿಲ್ವಾ?"

ಇಲ್ಲವೆಂದಿದ್ದರೆ ಮುಗಿದುಹೋಗುತ್ತಿತ್ತು. ನಿಯಮ ಆತನ ಕಡೆಗಿತ್ತು, ನಾನೂ ತಲೆಯಾಡಿಸುತ್ತಿದ್ದೆ.

"ಗೊತ್ತಿತ್ತು ಕಣಮ್ಮ," ಎಂದ ಆವುಲಪ್ಪ. "ರಾಮಕ್ಕ ಬಂದು ಹೇಳಿದ್ಲು. ನಾನೇ ಹಾಕ್ನಿಲ್ಲ."

ನಾಗಲಕ್ಷ್ಮಿ ಮುಖ ತಿರುಗಿಸಿಕೊಂಡಳು. ಎರಡು ತಿಂಗಳು ಆತನನ್ನು ಮಾತಾಡಿಸಲಿಲ್ಲ. ಸೈನ್ಯದ ಆ ಸಾಹೇಬರೂ ಕೆಟ್ಟವರೇನಾಗಿರಲಿಕ್ಕಿಲ್ಲ ಎಂದು ನನಗನಿಸಿತು. ಅವರ ಪಕ್ಕದಲ್ಲೂ ನನ್ನಂಥವನೊಬ್ಬ ನಗಲು ಕಾದು ಕೂತಿದ್ದಿರಬೇಕು.

ಈಗ ದಿನಾ ಸಂಜೆ ಆವುಲಪ್ಪನೇ ರಾಮಕ್ಕನ ಕೊಟ್ಟಿಗೆಗೆ ಹೋಗುತ್ತಾನೆ. ಆಕೆ ಹೇಳಿದ್ದನ್ನು ಆಕೆಯ ಹೆಸರಿನಲ್ಲೇ, ಒಂದು ಮಾತೂ ಕತ್ತರಿಸದೆ ಗುಂಪಿಗೆ ಹಾಕುತ್ತಾನೆ. ಹೋದ ವಾರ, 'ಕೆಂದ ಹಸ ನೀರು ಮೂಸಿ ಬಿಟ್ಬುಡ್ತು' ಎಂದು ಬಂತು. ಪಾಳಿಯವರು ಸುತ್ತುದಾರಿ ಹಿಡಿದು ತಡವಾದರು. ಆನೆ ಬರಲೇ ಇಲ್ಲ. ಗುಂಪಿನಲ್ಲಿ ಯಾರೂ ನಗಲಿಲ್ಲ. ರಾಮಕ್ಕನ ಆ ಸುದ್ದಿಗೆ 'ಓದಿದೆ' ಎಂದು ಮೊದಲು ಉತ್ತರ ಬರೆದವನು ಇನ್ನೂ ಊರುಗೋಲು ಹಿಡಿದು ನಡೆಯುತ್ತಿರುವ ಭೈರೇಶ.