ಹುಳದ ಮನೆಯ ಗೋಡೆ ಮೇಲಿನ ಬೆಳಕಿನ ಗೆರೆ

ಇದನ್ನು ಓದಿ ನೀವು ನಗಬಹುದು. ನಗಿ, ನನಗೆ ಬೇಸರವಿಲ್ಲ. ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದಿದವನು. ಬೆಳಕು, ಮಸೂರ, ನೆರಳು ಇವುಗಳ ಲೆಕ್ಕವನ್ನು ಬಾಯಿಪಾಠ ಮಾಡಿದವನು. ದೆವ್ವದ ಕಥೆ ಹೇಳುವವರನ್ನು ಕಂಡರೆ ನಾನೂ ನಗುತ್ತಿದ್ದೆ. ಆದರೆ ಹೋದ ಚಳಿಗಾಲದ ಒಂದು ಸಂಜೆ, ಗುಡಿಬಂಡೆ ಹತ್ತಿರದ ನನ್ನ ಮಾವನ ತೋಟದಲ್ಲಿ ನಡೆದದ್ದಕ್ಕೆ ಒಂದು ಮಾತನ್ನೂ ನಾನು ಸೇರಿಸಿಲ್ಲ. ಬೇಕಾದರೆ ಒಂದೆರಡು ಬಿಟ್ಟಿದ್ದೇನೆ…

ಶುರುವಾದದ್ದು ಕುರಿಗಳಿಂದ.

ರಾಯದುರ್ಗದಲ್ಲಿ ನನ್ನದು ಜೀನ್ಸ್ ಪ್ಯಾಂಟ್ ಹೊಲಿಸಿ ಮಾರುವ ಸಣ್ಣ ವ್ಯಾಪಾರ. ಬಂಡಲು ಕೊಟ್ಟು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಗುಮ್ಮಘಟ್ಟದ ದಾರಿಯಲ್ಲಿ ಒಮ್ಮೆ ರಸ್ತೆ ತುಂಬಾ ಕುರಿ ಮಂದೆ ಬಂದದ್ದು ನನಗೆ ಕಾಣಲೇ ಇಲ್ಲ. ನನ್ನ ಹಳೆಯ ಕಾರಿನ ದೀಪ ಅಷ್ಟು ಮಂಕು. ಬ್ರೇಕ್ ಒತ್ತಿ ನಿಲ್ಲಿಸಿದಾಗ ಕುರಿಗಾಹಿ ನನ್ನ ಕಿಟಕಿಗೆ ಕೋಲಿನಿಂದ ತಟ್ಟಿದ.

“ಕಣ್ಣು ಮನ್ಯಾಗ ಇಟ್ಟು ಬಂದೀರೇನ್ರಿ? ಇಷ್ಟು ಕುರಿ ಕಾಣಂಗಿಲ್ಲಾ?”

ಆ ರಾತ್ರಿಯೇ ತೀರ್ಮಾನಿಸಿದೆ. ಹೆಡ್‌ಲೈಟಿನೊಳಗೆ ಮಸೂರವಿರುವ ಪ್ರೊಜೆಕ್ಟರ್ ದೀಪ ಹಾಕಬೇಕು, ಅದೂ ನನ್ನ ಕೈಯಾರೆ.

ವಿಡಿಯೋ ನೋಡಿ ನೋಡಿ ಕಲಿತೆ. ಹೆಡ್‌ಲೈಟಿನ ಮುಂದಿನ ಗಾಜನ್ನು ಕಪ್ಪು ಗೋಂದಿನಿಂದ ಅಂಟಿಸಿರುತ್ತಾರೆ. ಬಿಸಿ ಮಾಡಿದರೆ ಅದು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಹೆಂಡತಿಯ ಓವನ್‌ನಲ್ಲಿಟ್ಟು ಬಿಸಿ ಮಾಡಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಲೈಟ್ ಬೇಯ್ಸಿದ್ ಓವನ್‌ನಲ್ಲಿ ಇನ್ ನಾನು ಕೇಕ್ ಮಾಡಲ್ಲ ಕಣ್ರೀ. ನೀವೇ ಇಟ್ಕೊಳ್ಳಿ, ಮುಂದಿನ್ ಸಲ ಬಂಪರ್ರೂ ಬೇಯ್ಸಿ.”

ಈ ದೀಪದ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರೊಜೆಕ್ಟರ್ ಒಳಗೆ ಒಂದು ಚಿಕ್ಕ ತಗಡಿನ ಪಟ್ಟಿ ಇರುತ್ತದೆ. ಡಿಮ್ ಹಾಕಿದಾಗ ಅದು ಅಡ್ಡ ನಿಂತು, ಬೆಳಕನ್ನು ಚಾಕುವಿನಲ್ಲಿ ಕೊಯ್ದ ಹಾಗೆ ಒಂದು ಗೆರೆಗೆ ನಿಲ್ಲಿಸುತ್ತದೆ. ಗೆರೆಯ ಕೆಳಗೆ ಹಗಲು, ಮೇಲೆ ಕತ್ತಲು. ಹೈ ಬೀಮ್ ಹಾಕಿದಾಗ ಆ ಪಟ್ಟಿ ‘ಟಕ್’ ಎಂದು ಸರಿಯುತ್ತದೆ, ಆಗ ಮೇಲಿನದೂ ಬೆಳಗುತ್ತದೆ. ಈ ಗೆರೆಯನ್ನು ಸರಿಯಾದ ಎತ್ತರಕ್ಕೆ ಕೂರಿಸಬೇಕೆಂದರೆ ಇಪ್ಪತ್ತೈದು ಅಡಿ ದೂರದಲ್ಲಿ ಸಪಾಟಾದ ಗೋಡೆ ಬೇಕು, ಸುತ್ತ ಕತ್ತಲು ಬೇಕು. ನಮ್ಮ ಬೀದಿಯಲ್ಲಿ ಎರಡೂ ಇಲ್ಲ.

“ನಮ್ ಹುಳದ್ ಮನೆ ಐತಲ್ಲ ಭಾವ!” ಅಂದ ಮಂಜ. ಫೋನಿನಲ್ಲಿದ್ದ ಅವನು ನನ್ನ ಹೆಂಡತಿಯ ತಮ್ಮ.

ಹುಳದ ಮನೆ ಎಂದರೆ ರೇಷ್ಮೆ ಹುಳ ಸಾಕುವ ಉದ್ದನೆಯ ಶೆಡ್ಡು. ಹಿಪ್ಪುನೇರಳೆ ತೋಟದ ನಡುವೆ, ಊರಿನಿಂದ ಎರಡು ಫರ್ಲಾಂಗು ದೂರ. ಸೊಪ್ಪಿನ ಟ್ರ್ಯಾಕ್ಟರ್ ಒಳಗೆ ಬರುವಷ್ಟು ಅಗಲದ ಕಬ್ಬಿಣದ ಬಾಗಿಲು. ಬೆಳೆ ಮುಗಿದಿತ್ತು, ಮಾವ ಗೂಡು ಮಾರಲು ಹೋಗಿದ್ದರು. ಹೋಗುವ ಮುಂಚೆ ಶೆಡ್ಡನ್ನು ತೊಳೆಸಿ, ಬ್ಲೀಚಿಂಗ್ ಪೌಡರಿನ ನೀರು ಹೊಡೆಸಿ, ನೆಲಕ್ಕೆ ಸುಣ್ಣದ ಪುಡಿ ಉದುರಿಸಿ, ಗಾಳಿಕಿಂಡಿಗಳಿಗೆಲ್ಲ ಬಿಳಿ ಪ್ಲಾಸ್ಟಿಕ್ ಹಾಳೆ ಕಟ್ಟಿಸಿದ್ದರು. ಹೀಗೆ ಮುಚ್ಚಿದ ಮೇಲೆ ಹೊಸ ಹುಳ ಬರುವವರೆಗೆ ಯಾರೂ ಒಳಗೆ ಕಾಲಿಡಬಾರದು. ಮನೆಯವರೂ ಕೂಡ.

ನಾವು ಕಾರನ್ನೇ ನುಗ್ಗಿಸಿದೆವು.

“ಅಪ್ಪಂಗೆ ಗೊತ್ತಾದ್ರೆ ನನ್ ಚರ್ಮ ಸುಲಿತಾರೆ ಭಾವ,” ಅಂದ ಮಂಜ, ನಗುತ್ತಾ.

“ನಿಂದ್ ಸುಲೀತಾರ, ನಂದ್ ಬಿಡ್ತಾರ. ಅಳಿಯ ಅಲ್ಲೇನು ನಾನು?”

“ರಾಯದುರ್ಗದೋರು ಬರೀ ಮಾತಿನಲ್ಲೇ ಪ್ಯಾಂಟ್ ಹೊಲಿತೀರಾ ಬಿಡಿ.”

ಮಾವನ ಮನೆಯಲ್ಲಿ ಗುಡಿಬಂಡೆಗೆ ಹೋಗುತ್ತೇವೆ ಎಂದು ಸುಳ್ಳು ಹೇಳಿದ್ದೆವು. ನಾವು ಅಲ್ಲಿರುವುದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಇದನ್ನು ನೆನಪಿಡಿ.

ಕಾರಿನ ಮುಂಭಾಗ ಒಳಗೋಡೆಯ ಕಡೆಗೆ, ಹಿಂಭಾಗ ಬಾಗಿಲಿನ ಕಡೆಗೆ. ಬಂಪರ್ ಬಿಚ್ಚಿ ಗೋಣಿಯ ಮೇಲೆ ಮಲಗಿಸಿದೆವು. ಹಾರ್ನ್ ಇರುವುದು ಬಂಪರಿನ ಹಿಂದೆ, ಅದರ ವೈರನ್ನೂ ಕಳಚಿದೆವು. ಹಳೆಯ ಬ್ಯಾಟರಿ ಇಳಿದುಹೋಗದಿರಲಿ ಎಂದು ಇಂಜಿನ್ ಚಾಲೂ ಇಟ್ಟೆವು. ಹೊಗೆ ಹೋಗಲು ಬಾಗಿಲನ್ನು ಒಂದು ಗೇಣು ತೆರೆದಿಟ್ಟೆವು. ಪೂರ್ತಿ ತೆರೆದರೆ ಬೆಳಕಿಗೆ ಹುಳಹುಪ್ಪಟೆ ನುಗ್ಗುತ್ತದೆ, ಊರಿಗೂ ಕಾಣುತ್ತದೆ.

ಗೋಡೆಯ ಮೇಲೆ ಗೆರೆ ಬಿತ್ತು. ಎಷ್ಟು ಚೆಂದ! ನೆಲದಿಂದ ಎರಡು ಅಡಿ ಎತ್ತರಕ್ಕೆ, ನೀಲಿ ಅಂಚಿನ ನೇರ ಗೆರೆ. ಎಡದೀಪದ್ದು ಮಾತ್ರ ಸ್ವಲ್ಪ ಓರೆ. ಅದರ ತಿರುಪು ಬಿಗಿದುಕೊಂಡಿತ್ತು. ಉದ್ದನೆಯ ಸ್ಕ್ರೂಡ್ರೈವರ್ ತರುತ್ತೇನೆಂದು ಮಂಜ ಬೈಕ್ ಹತ್ತಿ ಗುಡಿಬಂಡೆಗೆ ಹೋದ. ಆಗ ಏಳೂವರೆ ಇರಬಹುದು.

ನಾನು ಬಾನೆಟ್ಟಿನ ಮೇಲೆ ಬಗ್ಗಿ ವೈರು ಸುತ್ತುತ್ತಿದ್ದೆ. ಹಿಂದೆ ‘ಕಿರ್ರ್’ ಎಂದು ಸದ್ದಾಯಿತು. ಆಮೇಲೆ ‘ಠಣ್’.

ತಿರುಗಿ ನೋಡಿದೆ. ಬಾಗಿಲು ಮುಚ್ಚಿತ್ತು.

“ಮಂಜಾ?”

ಹೋಗಿ ತಳ್ಳಿದೆ. ಅಲುಗಲಿಲ್ಲ. ಹೊರಗಿನ ಚಿಲಕ ಬಿದ್ದಿತ್ತು. ಮೊದಲಿಗೆ ನನಗೆ ಭಯವಾಗಲಿಲ್ಲ. ಆ ಕಡೆ ಹುಳದ ಮನೆಯ ಬಾಗಿಲು ತೆರೆದದ್ದು ಕಂಡರೆ ಯಾರಾದರೂ ಸರಿ, ದಾರಿಹೋಕರೂ ಸಹ, ಚಿಲಕ ಹಾಕಿ ಹೋಗುತ್ತಾರೆ. ಇಲಿ, ಹಲ್ಲಿ, ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಹೊಕ್ಕರೆ ಇಡೀ ಬೆಳೆಯೇ ಹಾಳು. ಅದು ಎಲ್ಲರ ಕೈಗೂ ಅಂಟಿದ ಅಭ್ಯಾಸ. ಆದರೆ ಒಳಗೆ ಇಂಜಿನ್ ಓಡುತ್ತಿತ್ತು, ದೀಪ ಉರಿಯುತ್ತಿತ್ತು. ಕೇಳಿಸಲಿಲ್ಲವೇ? ಕಾಣಲಿಲ್ಲವೇ?

ಕೂಗಿದೆ. ಬಾಗಿಲು ಬಡಿದೆ. ತಗಡು ಗುಡುಗಿದ ಹಾಗೆ ಸದ್ದು ಒಳಗೇ ಸುತ್ತಿತು. ಮೊಬೈಲಿನಲ್ಲಿ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ಆ ತೋಟದಲ್ಲಿ ಮಾತಾಡಬೇಕೆಂದರೆ ನೀರಿನ ತೊಟ್ಟಿ ಹತ್ತಬೇಕು.

ಆಗಲೇ ಗಂಟಲು ಉರಿಯತೊಡಗಿದ್ದು. ಬ್ಲೀಚಿಂಗ್ ಪೌಡರಿನ ಘಾಟು, ಅದರ ಮೇಲೆ ಕಾರಿನ ಹೊಗೆ. ಮುಚ್ಚಿದ ಕೋಣೆಯಲ್ಲಿ ಕಾರಿನ ಹೊಗೆ ಏನು ಮಾಡುತ್ತದೆಂದು ಓದಿದವನಿಗೆ ಬೇರೆಯವರು ಹೇಳಬೇಕಿಲ್ಲ. ಓಡಿಬಂದು ಇಂಜಿನ್ ಆರಿಸಿದೆ. ಹತ್ತು ನಿಮಿಷ ಕಳೆದ ಮೇಲೆ ಹೊಳೆಯಿತು: ರಿವರ್ಸ್ ಹಾಕಿ ಬಾಗಿಲಿಗೇ ಗುದ್ದಬಹುದಲ್ಲ! ಒಳಗೆ ಕೂತು ಗಾಜು ಏರಿಸಿ ಕೀಲಿ ತಿರುಗಿಸಿದೆ.

ಟಕ್… ಟಕ್… ಟಕ್…

ಬ್ಯಾಟರಿ ಸೋತಿತ್ತು. ಮುಂದಿನ ದೀಪ ಮಾತ್ರ ಉರಿಯುತ್ತಿತ್ತು, ಮೊದಲಿಗಿಂತ ಮಂಕಾಗಿ.

ಕಾರು ಹೂಂ ಅನ್ನಲಿಲ್ಲ, ಹಾರ್ನ್ ಇಲ್ಲ, ಕೈಗೆಟುಕದ ಕಿಂಡಿಗಳಿಗೆ ಹಾಳೆ. ಮಂಜ ಬರುವವರೆಗೆ ಕಾಯಬೇಕು, ಅಷ್ಟೆ. ಅಲ್ಲಿಯವರೆಗೆ ಉಸಿರು ಉಳಿದರೆ ಸಾಕು ಎಂದುಕೊಂಡು ಕರವಸ್ತ್ರವನ್ನು ಮೂಗಿಗೆ ಒತ್ತಿ ಕೂತೆ.

ಆಗ ಆ ಸದ್ದು ಶುರುವಾಯಿತು…

ಸರಸರ, ಸರಸರ. ತುಂತುರು ಮಳೆ ಬಿದ್ದ ಹಾಗೆ. ಹುಳದ ಮನೆಗೆ ಹೋಗಿ ಬಂದವರಿಗೆ ಅದು ಗೊತ್ತು. ಸಾವಿರಾರು ರೇಷ್ಮೆ ಹುಳಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು. ಆದರೆ ಶೆಡ್ಡಿನಲ್ಲಿ ಹುಳವಿರಲಿಲ್ಲ. ಹುಳ ಸಾಕುವ ತಟ್ಟೆಯಿರಲಿಲ್ಲ. ತೊಳೆದ ನೆಲ, ಬಿಳಿ ಗೋಡೆ. ಘಾಟಿನ ನಡುವೆ ಎಲ್ಲಿಂದಲೋ ಹಸಿ ಸೊಪ್ಪಿನ ವಾಸನೆ.

ತಲೆಯೆತ್ತಿ ಗೋಡೆ ನೋಡಿದೆ.

ಗೆರೆಯ ಕೆಳಗೆ, ಬೆಳಕಿನಲ್ಲಿ, ಎರಡು ಕಾಲುಗಳ ನೆರಳಿತ್ತು.

ಮೊಣಕಾಲಿನವರೆಗೆ ಮಾತ್ರ. ಅದರ ಮೇಲೆ ಕತ್ತಲು. ಕಾರಿಗೂ ಗೋಡೆಗೂ ನಡುವೆ ನೆಲದ ಮೇಲೆ ಯಾರೂ ಇರಲಿಲ್ಲ…

ದೀಪದೊಳಗೆ ಕಪ್ಪು ಗೋಂದಿನ ಎಳೆ ಬಿದ್ದಿರಬೇಕು ಎಂದುಕೊಂಡೆ. ನಾನೇ ಅಂಟಿಸಿದ್ದಲ್ಲವೇ, ನನ್ನದೇ ತಪ್ಪು. ಆದರೆ ಓದಿದ ಬುದ್ಧಿ ಸುಮ್ಮನಿರಲಿಲ್ಲ. ಎಳೆ ಬಿದ್ದಿದ್ದರೆ ಒಂದು ದೀಪದಲ್ಲಿ ಬೀಳಬೇಕು, ಒಂದೇ ನೆರಳು ಕಾಣಬೇಕು. ಇಲ್ಲಿ ಒಂದೊಂದು ಕಾಲಿಗೂ ಎರಡೆರಡು ನೆರಳಿತ್ತು, ಎಡದೀಪದ್ದೊಂದು, ಬಲದೀಪದ್ದೊಂದು. ಹಾಗೆ ಬೀಳಬೇಕಾದರೆ ಎರಡೂ ದೀಪಗಳ ಮುಂದೆ ಏನೋ ನಿಂತಿರಬೇಕು.

ಆಮೇಲೆ ಒಂದು ಕಾಲು ಎತ್ತಿ ಇಟ್ಟಿತು.

ನೆರಳು ದಪ್ಪವಾಯಿತು. ಇನ್ನೊಂದು ಹೆಜ್ಜೆ. ಇನ್ನೂ ದಪ್ಪ. ನೆರಳು ದೊಡ್ಡದಾಗುವುದೆಂದರೆ ದೀಪದ ಹತ್ತಿರ ಬರುವುದು ಎಂದು ಶಾಲೆಯ ಮಕ್ಕಳಿಗೂ ಗೊತ್ತು. ನಾನು ನಾಲ್ಕೂ ಬಾಗಿಲಿನ ಲಾಕ್ ಒತ್ತಿದೆ. ಯಾಕೆ ಒತ್ತಿದೆನೋ… ಅದನ್ನು ಲಾಕ್ ತಡೆಯುತ್ತದೆಂದು ನಂಬಿದ್ದೆನೇ?

ಆ ಹೊತ್ತಿಗೆ ಹೊರಗೆ ಬೈಕಿನ ಸದ್ದು ಕೇಳಿತು.

ಮಂಜ! ಕೂಗಲು ಬಾಯಿ ತೆರೆದೆ. ಕೆಮ್ಮು ಬಿಟ್ಟರೆ ಏನೂ ಬರಲಿಲ್ಲ. ಬೈಕು ಬಾಗಿಲ ಬಳಿ ನಿಂತಿತು. ಇಂಜಿನ್ ಆರಲಿಲ್ಲ. ಮೆಲ್ಲಗೆ ತಿರುಗಿತು… ಹೊರಗಿನಿಂದ ಚಿಲಕ ಬಿದ್ದಿದೆ, ಒಳಗೆ ಸದ್ದಿಲ್ಲ, ಭಾವ ಬೇಸತ್ತು ಮನೆಗೆ ನಡೆದಿರಬೇಕು ಎಂದುಕೊಂಡಿದ್ದನಂತೆ. ಬೈಕು ಶೆಡ್ಡನ್ನು ಸುತ್ತಿ ಹಿಂದಿನ ದಾರಿ ಹಿಡಿಯಿತು. ಆ ದಾರಿ ಹೋಗುವುದು ನನ್ನೆದುರಿನ ಗೋಡೆಯ ಆಚೆಯಿಂದಲೇ.

ಗೋಡೆಯ ಮೇಲ್ತುದಿಯಲ್ಲಿ ಗಾಳಿಕಿಂಡಿ. ಅದಕ್ಕೆ ಬಿಳಿ ಹಾಳೆ. ಡಿಮ್ಮಿನ ಬೆಳಕು ಅಲ್ಲಿಗೆ ಏರುವುದಿಲ್ಲ. ಹೈ ಬೀಮ್ ಏರುತ್ತದೆ.

ಸ್ಟಿಯರಿಂಗ್ ಪಕ್ಕದ ಕಡ್ಡಿಯನ್ನು ಎಳೆದರೆ ಸಾಕು. ಬೆಳಕು ಮೇಲೇರುತ್ತದೆ, ಮಂಜನಿಗೆ ಕಾಣುತ್ತದೆ. ಆದರೆ ಎಳೆದರೆ… ಆ ಕಾಲುಗಳ ಮೇಲೆ ಏನಿದೆಯೋ ಅದರ ನೆರಳೂ ನನಗೆ ಕಾಣುತ್ತದೆ.

ಬೈಕಿನ ಸದ್ದು ಗೋಡೆಯ ಆಚೆ ಬಂದಿತ್ತು. ಇನ್ನೊಂದು ಕ್ಷಣ ಬಿಟ್ಟರೆ ದಾಟಿಹೋಗುತ್ತದೆ. ಆಮೇಲೆ ನಾನು, ಈ ಗಾಳಿ, ಮತ್ತು ಅದು.

ಕಣ್ಣು ಗಟ್ಟಿಯಾಗಿ ಮುಚ್ಚಿ ಎಳೆದೆ.

ಟಕ್.

ಮುಚ್ಚಿದ ರೆಪ್ಪೆಯೊಳಗೂ ಬೆಳಕು ಕೆಂಪಗೆ ಬಂತು. ಬಿಟ್ಟೆ. ಮತ್ತೆ ಎಳೆದೆ. ಟಕ್. ಮತ್ತೆ. ಎಷ್ಟು ಸಲವೋ ಲೆಕ್ಕವಿಲ್ಲ. ಯಾವಾಗಲೋ ಮೇಯುವ ಸದ್ದು ನಿಂತಿತು. ಹಿಂದೆ ಚಿಲಕ ಕಳಚಿದ ಸದ್ದಾಯಿತು, ತಣ್ಣನೆಯ ಗಾಳಿ ನುಗ್ಗಿತು, ಯಾರೋ ಗಾಜು ಬಡಿದರು.

“ಯೋ ಭಾವ! ಲಾಕ್ ತೆಗೀರಿ! ಚಿಲ್ಕ ಯಾರ್ ಹಾಕಿದ್ದು? ಭಾವಾ!”

ತೋಟದ ಬದುವಿನ ಮೇಲೆ ನನ್ನನ್ನು ಮಲಗಿಸಿ ನೀರು ಕುಡಿಸಿದ. ಎರಡು ಸಲ ವಾಂತಿಯಾಯಿತು. ಉಸಿರು ಸರಿಯಾದ ಮೇಲೆ ಟಾರ್ಚ್ ಹಿಡಿದು ಇಬ್ಬರೂ ಒಳಗೆ ನೋಡಿದೆವು. ಸುಣ್ಣದ ಪುಡಿಯ ಮೇಲೆ ಬಾಗಿಲಿಂದ ಕಾರಿನ ಮೂತಿಯವರೆಗೆ ನಮ್ಮಿಬ್ಬರ ಚಪ್ಪಲಿ ಗುರುತು. ಅಲ್ಲಿಂದಾಚೆ ಗೋಡೆಯವರೆಗೆ ಪುಡಿ ಹಾಗೇ ಇತ್ತು, ಉದುರಿಸಿದಂತೆಯೇ, ಒಂದು ಬೆರಳಿನ ಗುರುತೂ ಇಲ್ಲದೆ.

ಚಿಲಕ ಹಾಕಿದವರು ಯಾರೆಂದು ಊರಲ್ಲಿ ಯಾರೂ ಒಪ್ಪಲಿಲ್ಲ. ಮಾವನಿಗೆ ವಿಷಯ ಗೊತ್ತಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. “ಮುಚ್ಚಿದ್ ಮೇಲೆ ತೆಗೀಬಾರ್ದಿತ್ತು ಕಣಪ್ಪ,” ಅಂದರು, ಅಷ್ಟೇ. ಯಾಕೆಂದು ಕೇಳಿದರೆ ಎದ್ದು ಹೋದರು.

ಡಾಕ್ಟರು ಎಲ್ಲವನ್ನೂ ಕೇಳಿ ತಲೆಯಾಡಿಸಿದರು. ಹೊಗೆ ತಲೆಗೇರಿದರೆ ಇಲ್ಲದ್ದು ಕಾಣುತ್ತದಂತೆ, ಕೇಳುತ್ತದಂತೆ. ನಾನು ಎಷ್ಟು ಸಂತೋಷದಿಂದ ಒಪ್ಪಿಕೊಂಡೆ ಗೊತ್ತೇ! ಎರಡು ವಾರ ಚೆನ್ನಾಗಿ ನಿದ್ದೆ ಮಾಡಿದೆ.

ಆಮೇಲೆ ಮಂಜ ರಾಯದುರ್ಗಕ್ಕೆ ಬಂದ. ಊಟಕ್ಕೆ ಕೂತಾಗ ಅಕ್ಕನಿಗೆ ಅವತ್ತಿನ ಕಥೆ ಹೇಳುತ್ತಿದ್ದ.

“ಬರೀ ಲೈಟ್ ಆಗಿದ್ರೆ ನಾನು ಹೊಲ್ಟೋಗ್ತಿದ್ದೆ ಕಣಕ್ಕ. ಆರ್ಸೋದು ಮರ್ತವ್ರೆ, ನಾಳೆ ಬಂದು ಆರ್ಸಾನ ಅನ್ಕೊಂಡೆ. ಆದ್ರೆ ಭಾವ ಲೈಟ್ ಮುಂದೆ ನಿಂತು ಎರಡೂ ಕೈ ಮೇಲೆತ್ತಿ ಹಿಂಗ್ ಬೀಸ್ತಿದ್ರಲ್ಲ. ಕಿಂಡಿ ಹಾಳೆ ಮ್ಯಾಲೆ ನೆರಳು ಚೆನ್ನಾಗ್ ಕಾಣ್ತಿತ್ತು. ಅದ್ಕೇ ಬೈಕ್ ತಿರುಗಿಸ್ದೆ.”

ನನ್ನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

ಮಂಜ ಆ ಹೊಗೆ ಕುಡಿದಿರಲಿಲ್ಲ. ನಾನು ಕಾರಿನಿಂದ ಇಳಿದಿರಲಿಲ್ಲ.

ಅದು ನನ್ನ ಕಡೆಗೆ ಕೈ ಎತ್ತಿತ್ತೋ, ನನಗಾಗಿ ಎತ್ತಿತ್ತೋ… ಇವತ್ತಿಗೂ ಗೊತ್ತಿಲ್ಲ. ನನ್ನ ದೀಪ ಈಗ ಬಹಳ ಚೆನ್ನಾಗಿದೆ. ಗುಮ್ಮಘಟ್ಟದ ದಾರಿಯಲ್ಲಿ ಕುರಿಯ ಕಾಲುಗಳು ದೂರದಿಂದಲೇ ಕಾಣುತ್ತವೆ. ಕಾಲುಗಳು ಕಂಡ ಕೂಡಲೇ ಕಾರು ನಿಲ್ಲಿಸಿ ಕಾಯುತ್ತೇನೆ, ಎಲ್ಲ ದಾಟಿಹೋಗುವವರೆಗೆ. ಹೈ ಬೀಮ್ ಮಾತ್ರ ಹಾಕುವುದಿಲ್ಲ.